ಎರಡನೇ ಮಹಡಿಯ ಮನೆಗೆ ಎಂಥ ಸ್ಟ್ರೋಲರ್ ತಗೋಬೇಕು?

ಪ್ರಶ್ನೆ: ತುಮಕೂರಿನ ಅಶೋಕನಗರದಲ್ಲಿ ನಮ್ಮದು ಎರಡನೇ ಮಹಡಿಯ ಬಾಡಿಗೆ ಮನೆ. ಲಿಫ್ಟ್ ಇಲ್ಲ. ಮಗಳಿಗೆ ಈಗ 8 ತಿಂಗಳು, 8 ಕೆಜಿ ಇದ್ದಾಳೆ. ಮನೆಯವರು ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋದರೆ ವಾಪಸ್ ಬರುವುದು ರಾತ್ರಿ. ಅಂಗಡಿ, ತರಕಾರಿ, ಆಸ್ಪತ್ರೆ ಎಲ್ಲಕ್ಕೂ ಮಗು ಎತ್ತಿಕೊಂಡು ನಾನೇ ಓಡಾಡಬೇಕು. ತಿಂಗಳಿಗೊಮ್ಮೆ ರೈಲಿನಲ್ಲಿ ತಿಪಟೂರಿಗೆ, ಅತ್ತೆಯವರ ಮನೆಗೆ ಹೋಗುತ್ತೇವೆ. ಡಿಸೆಂಬರ್‌ನಲ್ಲಿ ವಿಮಾನದಲ್ಲಿ ಪುಣೆಗೆ ಹೋಗುವುದಿದೆ. 7 ಸಾವಿರದೊಳಗೆ ಹಗುರವಾಗಿ ಮಡಚುವ ಸ್ಟ್ರೋಲರ್ ಆರಿಸುವುದು ಹೇಗೆ? ಚಿಕ್ಕಮ್ಮನ ಮಗಳು ಅಮೆರಿಕದಿಂದ ತಂದಿದ್ದ ಹಳೆಯದೊಂದನ್ನು ಕೊಡುತ್ತೇನೆ ಅನ್ನುತ್ತಿದ್ದಾಳೆ, ಅದೇ ಸಾಕಾ? "ಮಗು ಕಂಕುಳಲ್ಲಿ ಬೆಳೀಬೇಕು, ಗಾಡೀಲಲ್ಲ" ಅಂತ ಅತ್ತೆ ಬೇರೆ ಹೇಳುತ್ತಿದ್ದಾರೆ.

ಉತ್ತರ: ನಮಸ್ಕಾರ ತಂಗಿ. ನಾನೂ ನಮ್ಮ ಯಜಮಾನರೂ ಇದೇ ಊರಲ್ಲಿ 14 ವರ್ಷದಿಂದ ಮಕ್ಕಳ ಸಾಮಾನಿನ ಅಂಗಡಿ ನಡೆಸುತ್ತಿದ್ದೇವೆ. ಅದಕ್ಕೂ ಮುಂಚೆ ಅವರು ಸೈಕಲ್ ಮೆಕ್ಯಾನಿಕ್. ಮುಂದೆ ನಾನು ಗಾಡಿ ಮಾರುತ್ತೇನೆ, ಹಿಂದೆ ಅವರು ರಿಪೇರಿ ಮಾಡುತ್ತಾರೆ. ಹಾಗಾಗಿ ಒಂದೊಂದು ಗಾಡಿಯನ್ನೂ ನಾವು ಎರಡು ಸಲ ನೋಡುತ್ತೇವೆ. ಪ್ಲಾಸ್ಟಿಕ್ ಕವರ್ ಬಿಚ್ಚಿದ ದಿನ ಒಮ್ಮೆ, ಚಕ್ರ ಅಲ್ಲಾಡುತ್ತಾ ವಾಪಸ್ ಬಂದ ದಿನ ಇನ್ನೊಮ್ಮೆ. ನಾನು ಹೇಳುವುದೆಲ್ಲ ಆ ಎರಡನೇ ದಿನ ಕಲಿತದ್ದು.

ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೆಲೆಯಲ್ಲ, ಮಹಡಿ. ಸ್ಟ್ರೋಲರ್ ಕೊಳ್ಳುವಾಗ ಎಲ್ಲರೂ ತಳ್ಳಿ ನೋಡುತ್ತಾರೆ. ಅಂಗಡಿಯ ನುಣುಪು ಟೈಲ್ಸ್ ಮೇಲೆ ಎಂಥ ಗಾಡಿಯೂ ಬೆಣ್ಣೆಯ ಹಾಗೆ ಹೋಗುತ್ತದೆ. ಆದರೆ ನಮ್ಮಂಥ ಊರಲ್ಲಿ ಗಾಡಿಯನ್ನು ತಳ್ಳುವಷ್ಟೇ ಎತ್ತಬೇಕಾಗುತ್ತದೆ. ಮೆಟ್ಟಿಲು ಇಳಿಸಬೇಕು, ಆಟೋಗೆ ಹಾಕಬೇಕು, ಸ್ಟೇಷನ್ನಿನ ಮೇಲ್ಸೇತುವೆ ಹತ್ತಿಸಬೇಕು. ಆಗೆಲ್ಲ ನಿಮ್ಮ ಒಂದು ಕೈಯಲ್ಲಿ ಮಗು ಇರುತ್ತದೆ. ಒಂಟಿ ಕೈಯಲ್ಲಿ ಮಡಚಿ, ಲಾಕ್ ಆಗಿ, ಎತ್ತುವುದಕ್ಕೆ ಎಷ್ಟು ಹೊತ್ತು, ಎಷ್ಟು ಭಾರ? ಇದನ್ನು ಮೊದಲು ನೋಡಿ. ಕಪ್ ಹೋಲ್ಡರ್, ಬಣ್ಣ, ಆಟಿಕೆ ಟ್ರೇ ಎಲ್ಲ ಆಮೇಲೆ.

ಲೆಕ್ಕ ಹಾಕೋಣ. ಮಗು 8 ಕೆಜಿ. ಗಾಡಿ 6 ಕೆಜಿ ಅಂತಿಟ್ಟುಕೊಳ್ಳಿ. ತರಕಾರಿ ಚೀಲ 2 ಕೆಜಿ. ಒಟ್ಟು 16 ಕೆಜಿ ಹೊತ್ತುಕೊಂಡು ಎರಡು ಮಹಡಿ ಹತ್ತಬೇಕು. ತೊಟ್ಟಿಲು, ಕಾರ್ ಸೀಟು, ಗಾಡಿ ಮೂರೂ ಒಂದರಲ್ಲೇ ಇರುವ ದೊಡ್ಡ ಮಾದರಿಗಳು 10 ಕೆಜಿ ದಾಟಿರುತ್ತವೆ. ಅವು ನೋಡುವುದಕ್ಕೆ ಚೆಂದ, ಕೂರುವುದಕ್ಕೂ ಸುಖ. ಆದರೆ ನಿಮ್ಮ ಮನೆಗೆ ಬೇಡವೇ ಬೇಡ. ಮಾಲೀಕರನ್ನು ಕೇಳಿ ನೋಡಿ. ಮೆಟ್ಟಿಲ ಕೆಳಗೆ ಒಂದು ಮೂಲೆ ಕೊಟ್ಟರೆ ಸೈಕಲ್ ಬೀಗ ತಂದು ಗಾಡಿಯ ಫ್ರೇಮಿಗೂ ಗ್ರಿಲ್‌ಗೂ ಸೇರಿಸಿ ಹಾಕಿಡಿ. ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿದರೆ ದೂಳು ಬೀಳುವುದಿಲ್ಲ. ದಿನಾ 6 ಕೆಜಿ ಹತ್ತಿಸಿ ಇಳಿಸುವುದು ಅಷ್ಟರಿಂದಲೇ ತಪ್ಪುತ್ತದೆ.

ಜಾಗ ಸಿಗದೆ ಮೇಲೆ ಒಯ್ಯಲೇಬೇಕಾದರೂ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡೇ ಮೆಟ್ಟಿಲು ಹತ್ತಿಸಬೇಡಿ. ಪಕ್ಕದ ಮನೆಯವರು ಸಹಾಯಕ್ಕೆ ಬಂದು ಮುಂದಿನ ಅಡ್ಡ ಕಂಬಿ ಹಿಡಿದು ಎತ್ತುತ್ತಾರೆ. ಆ ಕಂಬಿ ಎತ್ತಲಿಕ್ಕೆ ಮಾಡಿದ್ದಲ್ಲ. ಒಂದು ಬಟನ್ ಒತ್ತಿದರೆ ಕಳಚಿ ಬರುವಂಥದ್ದು. ಎಳೆದಾಗ ಕಳಚಿ ಕೈಗೆ ಬಂದ ಕಂಬಿಗಳನ್ನು ನಮ್ಮ ಯಜಮಾನರು ಎಷ್ಟೋ ಸಲ ಮತ್ತೆ ಕೂರಿಸಿಕೊಟ್ಟಿದ್ದಾರೆ. ಮಗು ನಿಮ್ಮ ಸೊಂಟದ ಮೇಲಿರಲಿ, ಗಾಡಿ ಮಡಚಿ ಹೆಗಲಿಗೆ ಹಾಕಿಕೊಳ್ಳಿ. ಅದಕ್ಕೇ ಹೆಗಲ ಪಟ್ಟಿ ಇರುವ ಗಾಡಿಯನ್ನೇ ನೋಡಿ ಅನ್ನುವುದು.

ಈಗ ಮಡಿಕೆಯ ವಿಷಯ. ಹಗುರ ಗಾಡಿಗಳಲ್ಲಿ ಎರಡು ಜಾತಿ. ಒಂದು ಛತ್ರಿ ಮಡಿಕೆಯದು. ಎರಡು ಕಡೆಯೂ ಒಳಗೆ ಸೇರಿಕೊಂಡು ಉದ್ದನೆಯ ಕಟ್ಟಿನಂತಾಗುತ್ತದೆ. ಇದರ ಮೂಲದ ಕಥೆ ನಮ್ಮ ಯಜಮಾನರಿಗೆ ಬಲು ಇಷ್ಟ. ಬ್ರಿಟನ್ನಿನ ಓವನ್ ಮೆಕ್ಲಾರೆನ್ ಅನ್ನುವ ಎಂಜಿನಿಯರ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ಚಕ್ರದ ಭಾಗದ ವಿನ್ಯಾಸದಲ್ಲಿ ಕೆಲಸ ಮಾಡಿದ್ದವರು. ವಿಮಾನ ಹಾರಿದ ಮೇಲೆ ಚಕ್ರ ಮಡಚಿ ಒಳಗೆ ಹೋಗಬೇಕು, ಇಳಿಯುವಾಗ ಬಿಚ್ಚಿಕೊಂಡು ಅಷ್ಟೂ ಭಾರ ತಡೆಯಬೇಕು. ಮೊಮ್ಮಗುವನ್ನು ಭಾರದ ಗಾಡಿಯಲ್ಲಿ ಹೊತ್ತು ತಿರುಗುವ ಮಗಳ ಕಷ್ಟ ನೋಡಿ ಅದೇ ತಲೆಯನ್ನು ಅವರು ಮಗುವಿನ ಗಾಡಿಗೆ ಓಡಿಸಿದರು. 1965ರಲ್ಲಿ ಅಲ್ಯೂಮಿನಿಯಂ ಕೊಳವೆಯ ಗಾಡಿಗೆ ಪೇಟೆಂಟ್ ಹಾಕಿದರು. ಅದರ ತೂಕ 3 ಕೆಜಿಯೂ ಇರಲಿಲ್ಲ. ಇವತ್ತು ನಾವು ಮಾರುವ ಛತ್ರಿ ಗಾಡಿಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಛತ್ರಿ ಗಾಡಿ ಅಗ್ಗ, ಗಟ್ಟಿ, ಹಗುರ. ಆದರೆ ಮಡಚಿದ ಮೇಲೂ ಸುಮಾರು ಒಂದು ಮೀಟರ್ ಉದ್ದ ಉಳಿಯುತ್ತದೆ. ಆಟೋದಲ್ಲಿ ಕಾಲ ಬಳಿ ಅಡ್ಡ ಇಡಬೇಕು, ಇಲ್ಲವೇ ಒಂದು ತುದಿ ಹೊರಗೆ ಚಾಚಿರುತ್ತದೆ. ಬಹಳಷ್ಟು ಮಾದರಿಗಳಲ್ಲಿ ಹಿಡಿಕೆಯೂ ಎರಡು ಬೇರೆ ಬೇರೆ. ಅದನ್ನು ಒಂದೇ ಕೈಯಲ್ಲಿ ನೆಟ್ಟಗೆ ತಳ್ಳಲು ಆಗುವುದಿಲ್ಲ, ಪಕ್ಕಕ್ಕೆ ಎಳೆಯುತ್ತದೆ. ನಿಮ್ಮ ಇನ್ನೊಂದು ಕೈಯಲ್ಲಿ ಛತ್ರಿಯೋ ಚೀಲವೋ ಫೋನೋ ಇದ್ದೇ ಇರುತ್ತದೆ, ಅಲ್ವಾ?

ಇನ್ನೊಂದು ಪೆಟ್ಟಿಗೆ ಮಡಿಕೆಯದು. ಹಿಡಿಕೆ ಒಳಗೆ ಜಾರುತ್ತದೆ, ಸೀಟು ಮುಂದಕ್ಕೆ ಬಾಗುತ್ತದೆ, ಚಕ್ರಗಳು ಅದರ ಕೆಳಗೆ ಸೇರಿಕೊಂಡು ಚಿಕ್ಕ ಸೂಟ್‌ಕೇಸಿನಷ್ಟಾಗುತ್ತದೆ. ಹಿಡಿಕೆ ಒಂದೇ ಅಡ್ಡ ಕೋಲು, ಒಂಟಿ ಕೈಯಲ್ಲೂ ನೆಟ್ಟಗೆ ಹೋಗುತ್ತದೆ. ತೂಕ ಸಾಮಾನ್ಯವಾಗಿ 5ರಿಂದ 7 ಕೆಜಿ. ರೈಲು, ಆಟೋ, ವಿಮಾನ ಮೂರೂ ಇರುವ ನಿಮಗೆ ಇದೇ ಸರಿ. ನಮ್ಮ ದೇಶದ ಕಂಪನಿಗಳೂ ಈಗ ಇಂಥವನ್ನು ಮಾರುತ್ತಿವೆ, ನಿಮ್ಮ ಬಜೆಟ್ಟಿನೊಳಗೂ ಸಿಗುತ್ತದೆ. ಇನ್ನೂ ಚಿಕ್ಕದು ಬೇಕು ಅಂತ ಹುಡುಕಿದರೆ ಅದೂ ಇದೆ. ಜಿಬಿ ಕಂಪನಿಯ ಪಾಕಿಟ್ ಅನ್ನುವುದು 2014ರಲ್ಲಿ ಅತಿ ಚಿಕ್ಕದಾಗಿ ಮಡಚುವ ಗಾಡಿ ಅಂತ ಗಿನ್ನೆಸ್ ದಾಖಲೆ ಮಾಡಿತು. ಮಡಚಿದರೆ 30×18×35 ಸೆಂ.ಮೀ. ಅಷ್ಟೇ. ಆದರೆ ಅಷ್ಟು ಚಿಕ್ಕದಾಗಬೇಕಾದರೆ ಚಕ್ರವೂ ಚಿಕ್ಕದಾಗಬೇಕು, ಕೀಲುಗಳೂ ಹೆಚ್ಚಬೇಕು. ನಮ್ಮ ಅಡ್ಡರಸ್ತೆಗಳಿಗೆ ನಾನು ಅದನ್ನು ಹೇಳುವುದಿಲ್ಲ. ತೀರಾ ಚಿಕ್ಕದರ ಹಿಂದೆ ಬೀಳಬೇಡಿ. 6 ಕೆಜಿ ಆಸುಪಾಸಿನದು ನೋಡಿ. ಅದಕ್ಕಿಂತ ಬಹಳ ಹಗುರವಾದರೆ ಸಾಮಾನ್ಯವಾಗಿ ಚಕ್ರ ಇಲ್ಲವೇ ಫ್ರೇಮು ಸಣ್ಣದಾಗಿರುತ್ತದೆ.

ಅಂಗಡಿಗೆ ಹೋದಾಗ ಏನು ಮಾಡಬೇಕು? ಮಗುವನ್ನು ಕೂರಿಸಿ ಫೋಟೋ ತೆಗೆದರೆ ಏನೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಕೌಂಟರ್ ಪಕ್ಕ 10 ಕೆಜಿಯ ಸೋನಾ ಮಸೂರಿ ಚೀಲ ಒಂದಿದೆ. ಗಾಡಿ ಕೇಳಿದವರಿಗೆಲ್ಲ ಮೊದಲು ಆ ಚೀಲವನ್ನು ಸೀಟಿಗೆ ಹಾಕಿ ಬೆಲ್ಟ್ ಕಟ್ಟಿ ಕೊಡುತ್ತೇನೆ. "ಹೊಸ್ತಿಲು ದಾಟಿಸಿ, ಹೊರಗಿನ ಕಲ್ಲು ಚಪ್ಪಡಿ ಮೇಲೆ ಒಂದು ಸುತ್ತು ಬನ್ನಿ" ಅನ್ನುತ್ತೇನೆ. ಖಾಲಿ ಇದ್ದಾಗ ಹಂಸದಂತೆ ಹೋಗುತ್ತಿದ್ದ ಗಾಡಿ ಚೀಲ ಕೂತ ಮೇಲೆ ನಿಜ ಬಣ್ಣ ತೋರಿಸುತ್ತದೆ. ಮುಂದಿನ ಚಕ್ರ ಗಡಗಡ ಅದುರುತ್ತದಾ? ಹೊಸ್ತಿಲಿಗೆ ಬಡಿದು ಅಡ್ಡ ತಿರುಗಿ ನಿಲ್ಲುತ್ತದಾ? ಹಿಡಿಕೆ ಒತ್ತಿದರೆ ಮುಂಭಾಗ ಸಲೀಸಾಗಿ ಮೇಲೇಳುತ್ತದಾ, ಇಲ್ಲ ಫ್ರೇಮು ಬಿಲ್ಲಿನಂತೆ ಬಾಗುತ್ತದಾ? ಹಿಡಿಕೆ ಒತ್ತುವಾಗ ಮಧ್ಯದ ಕೀಲನ್ನು ನೋಡಿ. ಅಲ್ಲಿ ಸ್ವಲ್ಪ ಆಟ ಇರುವುದು ಸಹಜ. ಟಕ್ ಟಕ್ ಅಂತ ಸದ್ದು ಬಂದು ಎರಡು ಕೊಳವೆ ಬೇರೆ ಬೇರೆ ಅಲ್ಲಾಡಿದರೆ ಆ ಗಾಡಿಯನ್ನು ಅಲ್ಲೇ ಬಿಡಿ.

ಆಮೇಲೆ ಅದೇ ಚೀಲವನ್ನು ಸೊಂಟಕ್ಕೆ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಗಾಡಿ ಮಡಚಿ ನೋಡಿ. ಅಂಗಡಿ ಹುಡುಗ ಮಡಚಿ ತೋರಿಸಿದ್ದನ್ನು ನಂಬಬೇಡಿ, ಅವನ ಕೈಗೆ ನೂರು ಸಲದ ಅಭ್ಯಾಸ ಇರುತ್ತದೆ. ನೀವೇ ಮೂರು ಸಲ ಮಾಡಿ. ಮೂರನೇ ಸಲವೂ ತಡಕಾಡಿದರೆ ಅದು ನಿಮ್ಮ ಗಾಡಿಯಲ್ಲ. ಮಡಚಿದ ಮೇಲೆ ತಾನೇ ನಿಲ್ಲುತ್ತದಾ, ತಾನೇ ಲಾಕ್ ಆಗುತ್ತದಾ ಅನ್ನುವುದನ್ನೂ ಗಮನಿಸಿ. ಲಾಕ್ ಆಗದ ಗಾಡಿ ಹೆಗಲ ಮೇಲೆ ಅರ್ಧ ದಾರಿಯಲ್ಲಿ ಬಿಚ್ಚಿಕೊಳ್ಳುತ್ತದೆ. ಹಾಗೇ ನೀವು ಬಿಚ್ಚಿದಾಗ ಕ್ಲಿಕ್ ಅಂತ ಕೂತಿತೋ ಇಲ್ಲವೋ ಪ್ರತಿ ಸಲ ಕೇಳಿಸಿಕೊಳ್ಳಿ. ಪೂರ್ತಿ ಕೂರದ ಗಾಡಿ ಮಗು ಕೂತ ಮೇಲೆ ಮಡಚಿಕೊಳ್ಳಬಹುದು. ಮಡಚುವಾಗ, ಬಿಚ್ಚುವಾಗ ಮಗುವಿನ ಕೈ ಹತ್ತಿರ ಇರಲೇಬಾರದು.

ಅಮೆರಿಕದ ಹಳೇ ಗಾಡಿಯ ವಿಷಯ ಹೇಳಲು ಇದೇ ಜಾಗ. 2009ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಮೆಕ್ಲಾರೆನ್ ಛತ್ರಿ ಗಾಡಿಗಳಿಗೆ ವಾಪಸಾತಿ ಪ್ರಕಟಣೆ ಬಂತು, ಅಂದರೆ ಮಾರಿದ ಗಾಡಿಯಲ್ಲಿ ದೋಷ ಇದೆ ಅಂತ ಹೊರಡಿಸುವ 'ರೀಕಾಲ್'. ಗಾಡಿ ಬಿಚ್ಚುವಾಗ ಪಕ್ಕದ ಕೀಲಿನಲ್ಲಿ ಸಿಕ್ಕಿ ಮಕ್ಕಳ ಬೆರಳ ತುದಿ ತುಂಡಾದ 12 ಪ್ರಕರಣ ವರದಿಯಾಗಿದ್ದವು. ಕೀಲಿಗೆ ಹಾಕುವ ಮುಚ್ಚಳವನ್ನು ಕಂಪನಿ ಉಚಿತವಾಗಿ ಕೊಟ್ಟಿತು. ಒಂದು ಕಂಪನಿಯನ್ನು ದೂರಲು ಇದನ್ನು ಹೇಳುತ್ತಿಲ್ಲ. ಕೀಲು ತೆರೆದಿರುವ ಯಾವ ಗಾಡಿಯಲ್ಲೂ ಹೀಗಾಗಬಹುದು. ಹಳೇ ಗಾಡಿ ಬಂದರೆ ಮೊದಲು ಅದರ ಕೀಲಿಗೆ ಮುಚ್ಚಳ ಇದೆಯಾ ನೋಡಿ. ಕೆಳಗಿನ ಸ್ಟಿಕ್ಕರಿನಲ್ಲಿ ಮಾದರಿ ಹೆಸರು, ತಯಾರಾದ ದಿನಾಂಕ ಇರುತ್ತದೆ. ಅದನ್ನು ಬರೆದುಕೊಂಡು ಆ ಮಾದರಿಗೆ ವಾಪಸಾತಿ ಬಂದಿತ್ತಾ ಅಂತ ಇಂಟರ್‌ನೆಟ್‌ನಲ್ಲಿ ಹುಡುಕಿ. ಬೆಲ್ಟಿನ ಬಕಲ್ ಕೂತಾಗ ಗಟ್ಟಿಯಾಗಿ ಹಿಡಿಯಬೇಕು. ಬಿಸಿಲಿನ ಅಟ್ಟದಲ್ಲಿ ವರ್ಷಗಟ್ಟಲೆ ಇದ್ದ ಪ್ಲಾಸ್ಟಿಕ್ ಬಿಳಿ ಗೆರೆ ಬಿಟ್ಟು ಒಡೆಯುವ ಸ್ಥಿತಿಗೆ ಬಂದಿರುತ್ತದೆ. ಇಷ್ಟೆಲ್ಲ ಸರಿ ಇದ್ದು ತೂಕವೂ 7 ಕೆಜಿಯೊಳಗಿದ್ದರೆ ಖುಷಿಯಿಂದ ತಗೊಳ್ಳಿ, ದುಡ್ಡು ಉಳಿಯಿತು. ಚಕ್ರ ಸವೆದಿದ್ದರೆ ಮಾತ್ರ ಯೋಚಿಸಿ. ಹೊರದೇಶದ ಮಾದರಿಗೆ ಇಲ್ಲಿ ಚಕ್ರ ಸಿಗುವುದು ಬಹಳ ಕಷ್ಟ.

ಚಕ್ರದ ಬಗ್ಗೆ ನಾನು ಸ್ವಲ್ಪ ಜಾಸ್ತಿ ಹೇಳಬೇಕು. ರಿಪೇರಿಗೆ ಬರುವ ಗಾಡಿಗಳಲ್ಲಿ ಹೆಚ್ಚಿನವು ಬರುವುದೇ ಮುಂದಿನ ಚಕ್ರಕ್ಕೆ. ಹಗುರ ಗಾಡಿಯ ಮುಂದಿನ ಚಕ್ರ ಅಂಗೈಯಷ್ಟೇ ಅಗಲ, 5 ಇಂಚಿನ ಆಸುಪಾಸು. ಅದು ಎಲ್ಲ ಕಡೆಗೂ ತಿರುಗುವಂಥದ್ದು. ಎಸ್.ಎಸ್. ಪುರಂನ ಒಳ್ಳೆಯ ಫುಟ್‌ಪಾತ್ ಮೇಲೆ ಅದು ವರ. ಆದರೆ ಚರಂಡಿ ಮುಚ್ಚಿದ ಚಪ್ಪಡಿಗಳ ಸಂದಿಗೆ, ಅಗೆದು ಮುಚ್ಚಿದ ಮಣ್ಣಿಗೆ, ಜಲ್ಲಿಗೆ ಬಂದ ಕೂಡಲೇ ಅಡ್ಡ ತಿರುಗಿ ಸಿಕ್ಕಿಕೊಳ್ಳುತ್ತದೆ. ನೀವು ತಳ್ಳುತ್ತಲೇ ಇರುತ್ತೀರಿ, ಗಾಡಿ ಮುಂದಕ್ಕೆ ಮುಗ್ಗರಿಸುತ್ತದೆ. ಅದಕ್ಕೆ ಮುಂದಿನ ಚಕ್ರವನ್ನು ನೇರವಾಗಿ ಲಾಕ್ ಮಾಡುವ ಚಿಕ್ಕ ಗುಂಡಿ ಇರಲೇಬೇಕು. ಕೆಟ್ಟ ರಸ್ತೆ ಬಂದಾಗ ಕಾಲಲ್ಲಿ ಆ ಗುಂಡಿ ಒತ್ತಿ, ಹಿಡಿಕೆಯನ್ನು ಸ್ವಲ್ಪ ಕೆಳಗೆ ಅದುಮಿ, ಮುಂದಿನ ಚಕ್ರ ನೆಲಕ್ಕೆ ತಾಗಿಯೂ ತಾಗದಂತೆ ಹೋಗಿ. ದೊಡ್ಡ ಹಂಪ್, ಮೆಟ್ಟಿಲಂಥ ಅಂಚು ಬಂದರೆ ಗಾಡಿಯನ್ನು ತಿರುಗಿಸಿಕೊಂಡು ಹಿಂದಿನ ಚಕ್ರ ಮೊದಲು ಬರುವಂತೆ ಎಳೆಯಿರಿ. ತಳ್ಳಿದರೆ ಹತ್ತದ ಗಾಡಿ ಎಳೆದರೆ ಹತ್ತುತ್ತದೆ.

ಗಾಳಿ ತುಂಬುವ ಚಕ್ರ ಒಳ್ಳೆಯದಲ್ಲವಾ ಅಂತ ಕೇಳುತ್ತಾರೆ. ಮೆತ್ತಗೆ ಹೋಗುತ್ತದೆ, ನಿಜ. ಆದರೆ ಹಗುರ ಗಾಡಿಗೆ ಅದು ಬರುವುದಿಲ್ಲ, ಬಂದರೆ ತೂಕ ಏರುತ್ತದೆ, ಪಂಕ್ಚರ್ ಬೇರೆ. ಹಗುರ ಗಾಡಿಗಳಲ್ಲಿ ಫೋಮಿನಂಥ ಇವಿಎ ಚಕ್ರ, ಇಲ್ಲವೇ ಸ್ವಲ್ಪ ಗಟ್ಟಿಯಾದ ರಬ್ಬರಿನಂಥ ಪಿಯು ಚಕ್ರ ಇರುತ್ತವೆ. ಇವಿಎ ಹಗುರ, ಆದರೆ ನಮ್ಮ ಜಲ್ಲಿಗೆ ಬೇಗ ಸವೆಯುತ್ತದೆ. ಪಿಯು ಬಾಳಿಕೆ ಬರುತ್ತದೆ. ಉಗುರಿನಿಂದ ಒತ್ತಿ ನೋಡಿ. ಗುರುತು ಬಿದ್ದು ಹಾಗೇ ಉಳಿದರೆ ಅದು ಬೇಗ ಹೋಗುವ ಚಕ್ರ. ಬರೀ ಗಟ್ಟಿ ಪ್ಲಾಸ್ಟಿಕ್ ಚಕ್ರದ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಬೇಡ. ಮಗುವಿನ ತಲೆ ದಾರಿಯುದ್ದಕ್ಕೂ ಕುಲುಕುವುದನ್ನು ನೋಡಿದರೆ ನಿಮಗೇ ಬೇಸರ ಆಗುತ್ತದೆ.

ಬ್ರೇಕು ಒಂದೇ ಪೆಡಲ್ ಒತ್ತಿದರೆ ಎರಡೂ ಹಿಂದಿನ ಚಕ್ರಕ್ಕೆ ಬೀಳುವಂತಿರಲಿ. ಚೀಲ ಕೂರಿಸಿ ಇಳಿಜಾರಿನಲ್ಲಿ ನಿಲ್ಲಿಸಿ ಪರೀಕ್ಷಿಸಿ. ಚಪ್ಪಲಿ ಹಾಕಿದ ಕಾಲಿನಿಂದ ಬ್ರೇಕ್ ಬಿಡಿಸಲು ಬರುತ್ತದಾ ನೋಡಿ. ಕೆಲವು ಪೆಡಲ್‌ಗಳನ್ನು ಬೆರಳಿಂದ ಮೇಲೆತ್ತಬೇಕು, ಚಪ್ಪಲಿ ಹಾಕುವ ನಮಗೆ ಬೆರಳು ನೋಯುತ್ತದೆ. ಬೆಲ್ಟು ಐದು ಕಡೆ ಹಿಡಿಯುವಂಥದ್ದೇ ಬೇಕು: ಎರಡು ಹೆಗಲು, ಎರಡು ಸೊಂಟ, ಕಾಲುಗಳ ನಡುವೆ ಒಂದು. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟಿನಲ್ಲಿ 8 ತಿಂಗಳ ಮಗು ಎದ್ದು ನಿಲ್ಲುತ್ತದೆ ಇಲ್ಲವೇ ಕೆಳಕ್ಕೆ ಜಾರುತ್ತದೆ. ಕಟ್ಟಿದ ಮೇಲೆ ಹೆಗಲ ಪಟ್ಟಿಯ ಕೆಳಗೆ ನಿಮ್ಮ ಎರಡು ಬೆರಳು ಹೋದರೆ ಸಾಕು. ಎರಡೇ ನಿಮಿಷಕ್ಕೆ ಅಂಗಡಿ ಮುಂದೆ ನಿಂತರೂ ಬೆಲ್ಟು ಬಿಚ್ಚಬೇಡಿ, ಬ್ರೇಕ್ ಹಾಕದೆ ಹಿಡಿಕೆ ಬಿಡಬೇಡಿ.

ತರಕಾರಿ ಚೀಲವನ್ನು ಹಿಡಿಕೆಗೆ ನೇತು ಹಾಕುವುದು ಎಲ್ಲರ ಅಭ್ಯಾಸ. ಇದೊಂದನ್ನು ದಯವಿಟ್ಟು ಬಿಡಿ. ಹಗುರ ಗಾಡಿಯಲ್ಲಿ ಮಗುವೇ ಭಾರ. ಮಗು ಕೂತಿರುವವರೆಗೆ ನಿಂತಿರುತ್ತದೆ. ನೀವು ಮಗುವನ್ನು ಎತ್ತಿಕೊಂಡ ಕೂಡಲೇ 3 ಕೆಜಿ ಟೊಮೆಟೊ ಗಾಡಿಯನ್ನು ಹಿಂದಕ್ಕೆ ಬೀಳಿಸುತ್ತದೆ. ಮಗು ಕೂತಿದ್ದಾಗಲೂ ಏರು ಹತ್ತುವಾಗ ಹಾಗೇ ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾಗುವ ಸಾಧ್ಯತೆ ಇದೆ. ಸಾಮಾನು ಸೀಟಿನ ಕೆಳಗಿನ ಬುಟ್ಟಿಯಲ್ಲಿರಲಿ. ಅದರ ಮಿತಿ ಎಷ್ಟು ಕೆಜಿ ಅಂತ ಬರೆದಿರುತ್ತಾರೆ, ಹಗುರ ಗಾಡಿಗಳಲ್ಲಿ ಸ್ವಲ್ಪವೇ ಇರುತ್ತದೆ. ಮಿಕ್ಕಿದ್ದು ನಿಮ್ಮ ಬೆನ್ನಿನ ಚೀಲಕ್ಕೆ.

ನಿಮ್ಮ ಮಗುವಿಗೆ ಕತ್ತು ನಿಂತಿದೆ, ಕೂರುತ್ತದೆ. ಹಾಗಾಗಿ ಹಗುರ ಗಾಡಿಗೆ ಸರಿಯಾದ ವಯಸ್ಸು. ಇದನ್ನು ಓದುತ್ತಿರುವ ಬಾಣಂತಿಯರಿಗೆ ಒಂದು ಮಾತು: 6 ತಿಂಗಳೊಳಗಿನ ಮಗುವಿಗೆ ಪೂರ್ತಿ ಹಿಂದಕ್ಕೆ ಒರಗುವ ಸೀಟೇ ಬೇಕು. ಯೂರೋಪಿನ ಸುರಕ್ಷತಾ ಮಾನದಂಡ ಇಎನ್ 1888 ಪ್ರಕಾರ ಎಳೆಗೂಸಿನ ಗಾಡಿಯಲ್ಲಿ ಸೀಟಿಗೂ ಬೆನ್ನಿಗೂ ನಡುವೆ ಕನಿಷ್ಠ 150 ಡಿಗ್ರಿ ಕೋನ ಇರಬೇಕು. ಹಗುರ ಗಾಡಿಗಳಲ್ಲಿ ಎಷ್ಟೋ ಅಷ್ಟು ಒರಗುವುದಿಲ್ಲ. ನಿಮಗೂ ಒರಗುವ ಸೀಟು ಬೇಕು, ಯಾಕೆಂದರೆ ತಳ್ಳುತ್ತಾ ಹತ್ತು ನಿಮಿಷಕ್ಕೆ ಮಗು ನಿದ್ದೆ ಹೋಗುತ್ತದೆ. ಒರಗದಿದ್ದರೆ ತಲೆ ಎದೆಗೆ ಜೋತು ಬೀಳುತ್ತದೆ. ಹಾಗಂತ ಗಾಡಿ ಮಲಗುವ ಜಾಗವಲ್ಲ. ಮಕ್ಕಳ ನಿದ್ದೆಯ ಬಗ್ಗೆ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಕೊಟ್ಟಿರುವ ಸಲಹೆಯೂ ಅದೇ. ಸ್ಟ್ರೋಲರ್, ಕಾರ್ ಸೀಟಿನಂಥ ಕೂರುವ ಸಾಧನಗಳಲ್ಲಿ ದಿನಾ ಮಲಗಿಸಬಾರದು, ಅದರಲ್ಲೂ 4 ತಿಂಗಳೊಳಗಿನ ಕೂಸುಗಳನ್ನು. ದಾರಿಯಲ್ಲಿ ನಿದ್ದೆ ಬಂದರೆ ಬರಲಿ. ಮನೆ ಮುಟ್ಟಿದ ಮೇಲೆ ಎತ್ತಿ ಹಾಸಿಗೆಗೆ ಹಾಕಿ.

ಬಿಸಿಲಿಗೆ ಅಂತ ಗಾಡಿಯ ಮೇಲಿರುವ ಬಟ್ಟೆಯ ಮುಚ್ಚು ಎಷ್ಟು ಮುಂದಕ್ಕೆ ಬರುತ್ತದೆ ನೋಡಿ. ಮಗುವಿನ ಮೊಣಕಾಲಿನವರೆಗೆ ನೆರಳು ಬೀಳಬೇಕು. ಏಪ್ರಿಲ್‌ನಲ್ಲಿ ಎಷ್ಟೋ ತಾಯಂದಿರು ಗಾಡಿಯ ಮೇಲೆ ಪೂರ್ತಿ ಟವೆಲ್ ಹೊದಿಸಿಕೊಂಡು ಬರುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಒಳಗೆ ಗಾಳಿ ಆಡದೆ ಬಿಸಿ ಕಟ್ಟಿಕೊಳ್ಳುತ್ತದೆ, ಮಗುವಿನ ಮುಖವೂ ನಿಮಗೆ ಕಾಣುವುದಿಲ್ಲ. ಟವೆಲ್ ಬೇಡ. ಬಿಸಿಲು ಇಳಿದ ಮೇಲೆ ಹೊರಡಿ, ಸೊಳ್ಳೆಗೆ ತೆಳು ಬಲೆ ಹಾಕಿ. ಬಿಸಿಲಲ್ಲಿ ನಿಲ್ಲಿಸಿದ್ದ ಗಾಡಿಗೆ ಮಗುವನ್ನು ಕೂರಿಸುವ ಮುಂಚೆ ಬಕಲ್, ಕಂಬಿ ಮುಟ್ಟಿ ನೋಡಿ, ಸುಡುತ್ತಿರುತ್ತವೆ. ಇನ್ನೊಂದು ಮಾತು. ಗಾಡಿಯಲ್ಲಿ ಕೂತ ಮಗುವಿನ ಮೂಗು ಲಾರಿ, ಬಸ್ಸುಗಳ ಸೈಲೆನ್ಸರ್ ಮಟ್ಟದಲ್ಲಿರುತ್ತದೆ. ಬಿ.ಎಚ್. ರಸ್ತೆಯಲ್ಲಿ ತಳ್ಳುವುದಕ್ಕಿಂತ ಎರಡು ನಿಮಿಷ ಜಾಸ್ತಿ ಆದರೂ ಒಳಗಿನ ಕ್ರಾಸ್‌ಗಳಲ್ಲೇ ಹೋಗಿ.

ರೈಲಿಗೆ ಬರೋಣ. ಸ್ಟೇಷನ್ನಿಗೆ ಕಾಲು ಗಂಟೆ ಮುಂಚೆ ಹೋಗಿ. ಪ್ಲಾಟ್‌ಫಾರ್ಮ್ ಮೇಲೆ ಗಾಡಿ ನಿಲ್ಲಿಸುವಾಗ ಹಳಿಯ ಕಡೆ ಮುಖ ಮಾಡಿ ನಿಲ್ಲಿಸಬೇಡಿ, ಹಳಿಗೆ ಸಮಾನಾಂತರವಾಗಿ, ಅಂಚಿನಿಂದ ದೂರ ನಿಲ್ಲಿಸಿ ಬ್ರೇಕ್ ಹಾಕಿ. ಅಕಸ್ಮಾತ್ ಬ್ರೇಕ್ ಬಿಟ್ಟರೂ ಗಾಡಿ ಹಳಿ ಕಡೆ ಹೊರಳುವುದಿಲ್ಲ. ರೈಲು ಬರುತ್ತಿದೆ ಅಂದಾಗ ಮಡಚುವುದಲ್ಲ, ಅನೌನ್ಸ್ ಆದ ಕೂಡಲೇ ಮಗುವನ್ನು ಎತ್ತಿಕೊಂಡು ಗಾಡಿ ಮಡಚಿ ಹೆಗಲಿಗೆ ಹಾಕಿಕೊಳ್ಳಿ. ನಮ್ಮ ಕಡೆ ರೈಲು ನಿಲ್ಲುವುದು ಒಂದೆರಡು ನಿಮಿಷ ಅಷ್ಟೇ. ಹತ್ತಿದ ಮೇಲೆ ಗಾಡಿಯನ್ನು ಸೀಟಿನ ಕೆಳಗೆ ತಳ್ಳಿ, ಬಾಗಿಲ ಬಳಿ ಬೇಡ. ಓಡುವ ರೈಲಿನಲ್ಲಿ ಮಗುವನ್ನು ಬಿಚ್ಚಿದ ಗಾಡಿಯಲ್ಲಿ ಕೂರಿಸಬೇಡಿ. ಗುಬ್ಬಿ, ನಿಟ್ಟೂರು, ಅಮ್ಮಸಂದ್ರ ದಾಟುವಷ್ಟರಲ್ಲಿ ಮಗು ನಿಮ್ಮ ಮಡಿಲಲ್ಲೇ ನಿದ್ದೆ ಹೋಗಿರುತ್ತದೆ. ನಿಮ್ಮ ಯಜಮಾನರು ಜೊತೆಗಿದ್ದು ಕಾರಿನಲ್ಲಿ ಹೋಗುವುದಾದರೆ ಡಿಕ್ಕಿಯನ್ನು ಟೇಪಿನಿಂದ ಅಳೆದುಕೊಂಡು ಅಂಗಡಿಗೆ ಬನ್ನಿ. ಅದರಲ್ಲೂ ಸಿಎನ್‌ಜಿ ಸಿಲಿಂಡರ್ ಇರುವ ಕಾರಾದರೆ ಡಿಕ್ಕಿಯಲ್ಲಿ ಉಳಿಯುವ ಜಾಗ ಅಷ್ಟರಲ್ಲೇ ಇರುತ್ತದೆ.

ವಿಮಾನಕ್ಕೆ ಬಂದರೆ, "ಕ್ಯಾಬಿನ್ ಸ್ಟ್ರೋಲರ್" ಅಂತ ಡಬ್ಬದ ಮೇಲೆ ಬರೆದಿರುವುದನ್ನು ನೋಡಿ ಮೋಸ ಹೋಗಬೇಡಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕೈಯಲ್ಲಿ ಒಯ್ಯುವ ಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ, 55×35×25 ಸೆಂ.ಮೀ. ಮಿತಿ. ಪೆಟ್ಟಿಗೆ ಮಡಿಕೆಯ ಎಷ್ಟೋ ಗಾಡಿಗಳ ಅಗಲ 44, 45 ಸೆಂ.ಮೀ. ಇರುತ್ತದೆ. ಈ ಜಾತಿಯಲ್ಲಿ ಹೆಸರು ಮಾಡಿದ ಫ್ರಾನ್ಸಿನ ಯೋಯೋ ಗಾಡಿಯದೇ 52×44×18 ಸೆಂ.ಮೀ. ಒಳಗೆ ಬಿಡುವುದು ಬಿಡದಿರುವುದು ಆ ದಿನದ ವಿಮಾನ, ಜಾಗ, ಸಿಬ್ಬಂದಿಗೆ ಬಿಟ್ಟಿದ್ದು. ಪ್ರೊಪೆಲ್ಲರ್ ಇರುವ ಚಿಕ್ಕ ಎಟಿಆರ್ ವಿಮಾನವಾದರೆ ಮೇಲಿನ ಗೂಡೇ ಚಿಕ್ಕದು. ಹಾಗಾಗಿ ಒಳಗೆ ಒಯ್ಯುವ ಆಸೆಗೇ ಹೆಚ್ಚು ದುಡ್ಡು ಕೊಡಬೇಡಿ. ಕೂಸು ಜೊತೆಗಿದ್ದರೆ ಸ್ಟ್ರೋಲರನ್ನು ಸಾಮಾನ್ಯವಾಗಿ ದುಡ್ಡಿಲ್ಲದೆ ಲಗೇಜಿಗೆ ಹಾಕಿಕೊಳ್ಳುತ್ತಾರೆ. ಚೆಕ್-ಇನ್ ಕೌಂಟರಿನಲ್ಲಿ ಟ್ಯಾಗ್ ಹಾಕಿಸಿಕೊಂಡು ವಿಮಾನದ ಬಾಗಿಲವರೆಗೂ ತಳ್ಳಿಕೊಂಡು ಹೋಗಲೂ ಬಿಡುತ್ತಾರೆ. ಟಿಕೆಟ್ ಮಾಡಿಸುವಾಗಲೇ ನಿಮ್ಮ ವಿಮಾನ ಕಂಪನಿಯ ನಿಯಮ ಓದಿಕೊಳ್ಳಿ. ಇಳಿದ ಮೇಲೆ ಗಾಡಿ ಬಾಗಿಲಲ್ಲೇ ಸಿಗುತ್ತದಾ, ಬೆಲ್ಟಿನಲ್ಲಿ ಬರುತ್ತದಾ ಅಂತ ಕೌಂಟರಿನಲ್ಲೇ ಕೇಳಿ. ಬೆಲ್ಟಿನಲ್ಲಿ ಅಂದರೆ ಅಲ್ಲಿಯವರೆಗೆ ಮಗು ಕೈಯಲ್ಲೇ.

ಸೆಕ್ಯುರಿಟಿಯಲ್ಲಿ ಮಗುವನ್ನು ಎತ್ತಿಕೊಂಡು ಗಾಡಿ ಮಡಚಿ ಸ್ಕ್ಯಾನರಿಗೆ ಹಾಕಬೇಕು. ಬುಟ್ಟಿ ಖಾಲಿ ಇರಲಿ. ಒಪ್ಪಿಸುವ ಮುಂಚೆ ಗಾಡಿಯ ನಾಲ್ಕೂ ಕಡೆ ಫೋಟೋ ತೆಗೆದಿಟ್ಟುಕೊಳ್ಳಿ, ಕಳಚಿ ಬರುವ ಅಡ್ಡ ಕಂಬಿಯನ್ನು ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ, ಮಿಕ್ಕಿದ್ದಕ್ಕೊಂದು ಕವರ್ ಹಾಕಿ. ಹೋದ ವರ್ಷ ನಮ್ಮ ಅಕ್ಕನ ಮಗಳು ಊರಿಂದ ವಾಪಸ್ ಬಂದಾಗ ಅವಳ ಗಾಡಿಯ ಮುಚ್ಚಿನ ಒಂದು ಕಡ್ಡಿ ಮುರಿದಿತ್ತು. ಹೋಗುವಾಗ ಸರಿ ಇತ್ತು ಅಂತ ಹೇಳಲು ಒಂದು ಫೋಟೋ ಇರಲಿಲ್ಲ. ತುಮಕೂರಿನಿಂದ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನ ಒಳಗೆ ನುಗ್ಗುವುದು ತಪ್ಪುತ್ತದೆ. ಟ್ಯಾಕ್ಸಿಯವರಿಗೆ ಮುಂಚೆಯೇ ಹೇಳಿಡಿ.

ಅತ್ತೆಯವರ ಮಾತು. ಅದನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಕಂಕುಳಲ್ಲಿ ಮಗುವಿಗೆ ತಾಯಿಯ ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಮೈ ಬಿಸಿ ಸಿಗುತ್ತದೆ. ದಿನವಿಡೀ ಗಾಡಿಯಲ್ಲಿ ಕಟ್ಟಿ ಕೂರಿಸಿದರೆ ತೆವಳುವ, ನಿಲ್ಲುವ ಅವಕಾಶವೇ ಹೋಗುತ್ತದೆ. ಗಾಡಿ ಇರುವುದು ನಿಮ್ಮ ಸೊಂಟಕ್ಕೆ ಒಂದಿಷ್ಟು ಬಿಡುವು ಕೊಡಲು. ಬಾಣಂತನ ಮುಗಿಸಿ 8 ತಿಂಗಳಲ್ಲೇ ಒಬ್ಬರೇ ದಿನಾ ಮಗು, ಚೀಲ ಹೊರುವ ಹೆಣ್ಣುಮಗಳಿಗೆ ಬೆನ್ನು ನೋವು ಬಂದರೆ ಎತ್ತಿಕೊಳ್ಳುವವರು ಯಾರು? ಅತ್ತೆಯವರಿಗೂ ಇದನ್ನೇ ಹೇಳಿ. ತಿಪಟೂರಿಗೆ ಹೋದಾಗ ಸಂಜೆ ಅವರ ಕೈಗೇ ಗಾಡಿ ಕೊಟ್ಟು ಒಂದು ಸುತ್ತು ಹೋಗಿ ಬರಲು ಹೇಳಿ. ಮಂಡಿ ನೋವಿರುವ ಅಜ್ಜಿಯರು ಮೊಮ್ಮಗುವನ್ನು ಎತ್ತಿಕೊಂಡು ಬೀದಿ ಕೊನೆವರೆಗೆ ಹೋಗಲಾರರು, ತಳ್ಳಿಕೊಂಡು ಹೋಗಬಲ್ಲರು. ನಮ್ಮ ಅಂಗಡಿಯಲ್ಲಿ ಗಾಡಿಯ ಬಗ್ಗೆ ಹೆಚ್ಚು ಪ್ರಶ್ನೆ ಕೇಳುವವರು ಅಜ್ಜಿಯರೇ.

ಗಾಡಿ ಬೇಡದ ಜಾಗಗಳೂ ಇವೆ. ಅಂತರಸನಹಳ್ಳಿ ಮಾರುಕಟ್ಟೆಗೆ ಬೆಳಿಗ್ಗೆ ಗಾಡಿ ಒಯ್ಯಬೇಡಿ. ಕೆಸರು, ಲಾರಿ, ಮೂಟೆ ಹೊತ್ತವರ ನಡುವೆ ಕೆಳಗಿರುವ ಮಗು ಯಾರಿಗೂ ಕಾಣುವುದಿಲ್ಲ. ಸಿದ್ಧಗಂಗೆ ಮಠದ ಆವರಣದಲ್ಲಿ ಬೇರೆ ದಿನ ಆರಾಮಾಗಿ ತಳ್ಳಬಹುದು, ಜಾತ್ರೆಯ ದಿನ ಬೇಡ. ಬೆಟ್ಟದ ಮೆಟ್ಟಿಲಿಗಂತೂ ಪ್ರಶ್ನೆಯೇ ಇಲ್ಲ. ದೇವರಾಯನದುರ್ಗಕ್ಕೆ ಹೋದರೆ ಗಾಡಿಯ ಬುಟ್ಟಿಯಲ್ಲಿ ಬಾಳೆಹಣ್ಣು, ಬಿಸ್ಕತ್ತು ಇಟ್ಟುಕೊಳ್ಳಬೇಡಿ. ಅಲ್ಲಿನ ಕೋತಿಗಳು ಮಗು ಕೂತಿದೆ ಅಂತ ನೋಡುವುದಿಲ್ಲ. ಇಂಥ ಕಡೆಗೆಲ್ಲ ಸೊಂಟಕ್ಕೆ ಕಟ್ಟುವ ಬಟ್ಟೆಯ ಕ್ಯಾರಿಯರ್ ಒಂದಿದ್ದರೆ ಎರಡೂ ಕೈ ಖಾಲಿ ಇರುತ್ತವೆ. 7 ಸಾವಿರದಲ್ಲಿ ಗಾಡಿಗೇ ಪೂರ್ತಿ ಸುರಿಯದೆ ಸ್ವಲ್ಪ ಇದಕ್ಕೆ ಉಳಿಸಿ.

ತಂದ ಮೇಲೆ ಹತ್ತು ದಿನ ಡಬ್ಬ ಎಸೆಯಬೇಡಿ, ಬಿಲ್ಲು ಜೋಪಾನ. ಮುಂದಿನ ಚಕ್ರ ಬಿಡಿಯಾಗಿ ಸಿಗುತ್ತದಾ ಅಂತ ಕೊಳ್ಳುವಾಗಲೇ ಕೇಳಿ. ಆನ್‌ಲೈನ್‌ನಲ್ಲಿ ತರಿಸಿದರೂ ಅದೇ ಪ್ರಶ್ನೆ ಕೇಳಿ. ಸೀಟಿನ ಬಟ್ಟೆ ಕಳಚಿ ಒಗೆಯುವಂತಿರಲಿ. ರಾಗಿ ಸರಿ ಚೆಲ್ಲಿ ಒಣಗಿದರೆ ಒರೆಸಿದರೆ ಹೋಗುವುದಿಲ್ಲ, ನೆನೆಸಿ ಉಜ್ಜಬೇಕು. ಚಕ್ರ ಕಿರುಗುಟ್ಟಿದರೆ ಕೊಬ್ಬರಿ ಎಣ್ಣೆ ಬಿಡಬೇಡಿ. ಎರಡು ದಿನ ಸುಮ್ನಿರುತ್ತದೆ, ಆಮೇಲೆ ನಮ್ಮ ಕೆಂಪು ದೂಳು ಎಣ್ಣೆಗೆ ಅಂಟಿ ಉಪ್ಪುಕಾಗದದಂತೆ ಅಚ್ಚನ್ನು ತಿನ್ನುತ್ತದೆ. ಒದ್ದೆ ಬಟ್ಟೆಯಲ್ಲಿ ದೂಳು ಒರೆಸಿ, ಒಣಗಿಸಿ, ಸಿಲಿಕೋನ್ ಸ್ಪ್ರೇ ಚೂರು ಹೊಡೆಯಿರಿ. ಅಚ್ಚಿಗೆ ಸುತ್ತಿಕೊಂಡ ಕೂದಲನ್ನು ತಿಂಗಳಿಗೊಮ್ಮೆ ಕತ್ತರಿಯಿಂದ ಬಿಡಿಸಿ. ಯಜಮಾನರು ಬಿಚ್ಚುವ ಚಕ್ರಗಳಲ್ಲಿ ಅಮ್ಮಂದಿರ ಉದ್ದ ಕೂದಲೇ ಹೆಚ್ಚು ಸಿಗುತ್ತದೆ.

ಮುಂದಿನ ತಿಂಗಳು ಮಗಳಿಗೆ 9 ತಿಂಗಳ ದಡಾರ-ರುಬೆಲ್ಲಾ ಲಸಿಕೆ ಇರುತ್ತದೆ. ಗಾಡಿಯನ್ನು ಅವತ್ತೇ ಮೊದಲ ಸಲ ಹೊರಗೆ ತೆಗೆಯಬೇಡಿ. ಒಂದು ವಾರ ಮುಂಚೆಯೇ ತಂದು ಮನೆಯೊಳಗೆ ಬಿಚ್ಚಿಡಿ. ಅವಳು ಚಕ್ರ ತಿರುಗಿಸಲಿ, ಬೆಲ್ಟು ಕಚ್ಚಲಿ. ಆಮೇಲೆ ಸಂಜೆ ಹೊತ್ತು ನಿಮ್ಮ ಕ್ರಾಸಿನಲ್ಲೇ ಹತ್ತು ನಿಮಿಷ ತಳ್ಳಿ, ಮಾತಾಡಿಸುತ್ತಾ ಇರಿ. ಅಷ್ಟಾದರೆ ಸೂಜಿ ಚುಚ್ಚಿಸಿಕೊಂಡು ಅಳುತ್ತಾ ಬರುವ ದಿನ ಅವಳಿಗೆ ಆ ಗಾಡಿ ಗುರುತಿನ ಜಾಗವಾಗಿರುತ್ತದೆ.